ಇಸ್ರೇಲ್–ಪ್ಯಾಲೆಸ್ಟೀನ್: ಯಾರು ಏನಂತಾರೆ, ಯಾಕೆ ಹಾಗಂತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಸ್ರೇಲ್–ಪ್ಯಾಲೆಸ್ಟೀನ್ ವಿಷಯ ಬಂದರೆ ಸಾಕು, ಮಾತು ಬೇಗ ಬಿಸಿಯಾಗುತ್ತದೆ. ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಯುದ್ಧದ ಪೂರ್ತಿ ಇತಿಹಾಸ ಇಲ್ಲಿಲ್ಲ. ಅಲ್ಲಿನ ಜನ, ಹೊರಗಿನ ಜನ ಏನು ಯೋಚಿಸುತ್ತಾರೆ, ಯಾಕೆ ಹಾಗೆ ಯೋಚಿಸುತ್ತಾರೆ ಅನ್ನುವುದಷ್ಟೇ ಇದೆ. ಅಂಕಿಅಂಶಗಳು 2025ರ ಕೊನೆಯವರೆಗಿನವು.

## ಮೊದಮೊದಲ ಪ್ರಶ್ನೆಗಳು

ಈ ಜಗಳ ನೆಲಕ್ಕಾ, ಧರ್ಮಕ್ಕಾ?

ಬುಡದಲ್ಲಿರುವುದು ನೆಲ. ಒಂದೇ ನೆಲವನ್ನು ಎರಡು ಜನಾಂಗದವರು ತಮ್ಮ ತಾಯ್ನಾಡು ಅನ್ನುತ್ತಾರೆ. ಯಹೂದಿಯರಿಗೆ ಅದು ಪೂರ್ವಿಕರ ನಾಡು. ಯುರೋಪಿನಲ್ಲಿ ನಾಜಿಗಳು 60 ಲಕ್ಷ ಯಹೂದಿಯರನ್ನು ಕೊಂದ ಮೇಲೆ ಬದುಕುಳಿದವರಿಗೆ ಸಿಕ್ಕ ಆಸರೆಯೂ ಹೌದು. ಪ್ಯಾಲೆಸ್ಟೀನಿಯರಿಗೆ ಅದು ತಲೆತಲಾಂತರದಿಂದ ಉತ್ತು ಬಿತ್ತಿದ ನೆಲ, ಆಲಿವ್ ತೋಟ, ಅಜ್ಜನ ಮನೆ. 1948ರ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಊರು ಬಿಡಬೇಕಾಯಿತು. ಕೆಲವರು ಹೆದರಿ ಓಡಿದರು, ಎಷ್ಟೋ ಜನರನ್ನು ಸೈನಿಕರೇ ಹೊರಗೆ ಹಾಕಿದರು. ಅವರಿಗೆ ಅದು ನಕ್ಬಾ, ಅಂದರೆ ಮಹಾ ದುರಂತ. ಇಸ್ರೇಲಿನವರಿಗೆ ಅದೇ ವರ್ಷ ಸ್ವಾತಂತ್ರ್ಯದ ವರ್ಷ. ಆಮೇಲಿನ ವರ್ಷಗಳಲ್ಲಿ ಇರಾಕ್, ಯೆಮನ್, ಈಜಿಪ್ಟ್, ಮೊರಾಕ್ಕೊ ಕಡೆಯಿಂದ ಲಕ್ಷಾಂತರ ಯಹೂದಿಯರೂ ಮನೆಮಠ ಬಿಟ್ಟು ಇಸ್ರೇಲಿಗೆ ಬಂದರು. ಹಾಗಾಗಿ ಕಳೆದುಕೊಂಡವರ ಕತೆ ಎರಡೂ ಕಡೆಯ ಮನೆಗಳಲ್ಲಿದೆ.

ಧರ್ಮ ಆಮೇಲೆ ಬಂದು ಸೇರಿಕೊಂಡಿತು ಅಂತಲ್ಲ. ಜೆರುಸಲೆಮ್ ಮೊದಲಿನಿಂದಲೂ ಮೂರು ಧರ್ಮಗಳಿಗೆ ಪವಿತ್ರ ಊರು. ಆದರೆ ಧರ್ಮದ ಹೆಸರಿನಲ್ಲಿ ರಾಜಕೀಯ ಮಾಡುವವರ ಬಲ ಎರಡೂ ಕಡೆ ಹೆಚ್ಚಾದಷ್ಟೂ ರಾಜಿ ಕಷ್ಟವಾಗುತ್ತಾ ಬಂದಿದೆ. ನೆಲವನ್ನು ಅಳೆದು ಹಂಚಬಹುದು. ದೇವರು ನಮಗೇ ಕೊಟ್ಟದ್ದು ಅಂದಮೇಲೆ ಹಂಚುವ ಮಾತೇ ಪಾಪವಾಗಿಬಿಡುತ್ತದೆ.

ಪ್ಯಾಲೆಸ್ಟೀನ್ ಅಂದ್ರೆ ಹಮಾಸ್ ತಾನೆ?

ಅಲ್ಲ. 1967ರ ಯುದ್ಧದಲ್ಲಿ ಇಸ್ರೇಲ್ ಹಿಡಿದುಕೊಂಡ ಎರಡು ಪ್ರದೇಶಗಳಲ್ಲಿ, ಅಂದರೆ ವೆಸ್ಟ್ ಬ್ಯಾಂಕಿನಲ್ಲಿ ಸುಮಾರು 30 ಲಕ್ಷ, ಗಾಜಾದಲ್ಲಿ ಸುಮಾರು 20 ಲಕ್ಷ ಪ್ಯಾಲೆಸ್ಟೀನಿಯರು ಇದ್ದಾರೆ. ವೆಸ್ಟ್ ಬ್ಯಾಂಕಿನ ಒಂದಿಷ್ಟು ಭಾಗದ ಆಡಳಿತ ಫತಾ ಪಕ್ಷದ ಮಹಮೂದ್ ಅಬ್ಬಾಸ್ ಕೈಯಲ್ಲಿದೆ. ಹಮಾಸ್ ಅನ್ನುವ ಸಶಸ್ತ್ರ ಇಸ್ಲಾಮಿ ಸಂಘಟನೆ 2007ರಲ್ಲಿ ಗಾಜಾವನ್ನು ಬಲವಂತವಾಗಿ ವಶಕ್ಕೆ ತೆಗೆದುಕೊಂಡಿತು. ಅದರ ಹಿಂದಿನ ವರ್ಷದ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು ಶೇ 44ರಷ್ಟು ಮತ. 132ರಲ್ಲಿ 74 ಸ್ಥಾನ ಗೆದ್ದಿತು. ಆಮೇಲೆ ಅಲ್ಲಿ ಸಂಸತ್ತಿಗೆ ಚುನಾವಣೆಯೇ ನಡೆದಿಲ್ಲ. ಗಾಜಾದ ಜನಸಂಖ್ಯೆಯಲ್ಲಿ ಹೆಚ್ಚುಕಮ್ಮಿ ಅರ್ಧ ಮಕ್ಕಳು. ಆ ಮತದಾನ ನಡೆದಾಗ ಅವರು ಹುಟ್ಟಿಯೇ ಇರಲಿಲ್ಲ.

2025ರ ಮಾರ್ಚ್‌ನಲ್ಲಿ ಉತ್ತರ ಗಾಜಾದ ಬೈತ್ ಲಾಹಿಯಾದಲ್ಲಿ ಜನ ಬೀದಿಗಿಳಿದು ‘ಹಮಾಸ್ ತೊಲಗಲಿ, ಯುದ್ಧ ನಿಲ್ಲಲಿ’ ಅಂತ ಕೂಗಿದರು. ಮೇಲೆ ಬಾಂಬ್, ಕೆಳಗೆ ಹಮಾಸ್‌ನ ಬಂದೂಕು. ಆ ಹೊತ್ತಿನಲ್ಲಿ ಹಾಗೆ ಕೂಗುವುದಕ್ಕೆ ಎಂಥ ಗುಂಡಿಗೆ ಬೇಕು! ಹಾಗಂತ ಅವರೆಲ್ಲ ಅಬ್ಬಾಸ್ ಪರ ಅಂತಲೂ ಅಲ್ಲ. ಅಬ್ಬಾಸ್ ರಾಜೀನಾಮೆ ಕೊಡಲಿ ಅನ್ನುವವರು ಸಮೀಕ್ಷೆಗಳಲ್ಲಿ ಹತ್ತರಲ್ಲಿ ಎಂಟು ಜನರ ಆಸುಪಾಸಿನಲ್ಲಿದ್ದಾರೆ. ಅಧ್ಯಕ್ಷರ ಚುನಾವಣೆ ನಡೆದರೆ ಯಾರಿಗೆ ಮತ ಅಂತ ಕೇಳಿದಾಗಲೆಲ್ಲ ಮುಂದೆ ಬರುವ ಹೆಸರು ಫತಾ ನಾಯಕ ಮರ್ವಾನ್ ಬರ್ಗೂತಿ. ಅವರು 2002ರಿಂದ ಇಸ್ರೇಲಿನ ಜೈಲಿನಲ್ಲಿದ್ದಾರೆ.

ಇಸ್ರೇಲಿನವರೆಲ್ಲ ನೆತನ್ಯಾಹು ಹಿಂದೆ ನಿಂತಿದ್ದಾರಾ?

ಇಲ್ಲ. 2023ರ ಆರಂಭದಿಂದಲೇ ಅಲ್ಲಿ ಪ್ರತಿ ಶನಿವಾರ ರಾತ್ರಿ ಲಕ್ಷಾಂತರ ಜನ ಬೀದಿಯಲ್ಲಿದ್ದರು. ನ್ಯಾಯಾಲಯದ ಅಧಿಕಾರ ಮೊಟಕು ಮಾಡುವ ಸರ್ಕಾರದ ಯೋಜನೆ ಅವರಿಗೆ ಬೇಡವಾಗಿತ್ತು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲ್ ಮೇಲೆ ದಾಳಿ ಮಾಡಿ ಜನರನ್ನು ಗಾಜಾಕ್ಕೆ ಹಿಡಿದೊಯ್ದಿತು. ಅದರಿಂದ ಯುದ್ಧ ಶುರುವಾದ ಮೇಲೆ ಆ ಒತ್ತೆಯಾಳುಗಳ ಮನೆಯವರು ಟೆಲ್ ಅವೀವ್‌ನ ಕಲಾ ಮ್ಯೂಸಿಯಂ ಮುಂದಿನ ಚೌಕದಲ್ಲಿ ಸೇರತೊಡಗಿದರು. ಅಲ್ಲಿ ಶಬ್ಬತ್, ಅಂದರೆ ಯಹೂದಿಯರ ವಾರದ ವಿಶ್ರಾಂತಿ ದಿನದ ಊಟಕ್ಕೆ ಉದ್ದನೆಯ ಮೇಜು ಹಾಕಿ, ಒತ್ತೆಯಾಳುಗಳಿಗಾಗಿ ಕುರ್ಚಿಗಳನ್ನು ಖಾಲಿ ಬಿಟ್ಟಿದ್ದರು. 2025ರಲ್ಲಿ ಬಂದ ಬಹುತೇಕ ಸಮೀಕ್ಷೆಗಳಲ್ಲಿ ನೂರಕ್ಕೆ ಸುಮಾರು 70 ಇಸ್ರೇಲಿಗಳು ‘ಎಲ್ಲ ಒತ್ತೆಯಾಳುಗಳೂ ಬರುವುದಾದರೆ ಯುದ್ಧ ನಿಲ್ಲಿಸಿ’ ಅಂದಿದ್ದಾರೆ.

ಇಲ್ಲಿ ಒಂದು ವಿಷಯವನ್ನು ಸರಿಯಾಗಿ ನೋಡಬೇಕು. ನೆತನ್ಯಾಹು ಬೇಡ ಅನ್ನುವವರೆಲ್ಲ ಪ್ಯಾಲೆಸ್ಟೀನಿಯರ ಪರ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಳ್ಳುತ್ತಾರೆ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ 2024ರಲ್ಲಿ ಗಾಜಾ ಕಾರ್ಯಾಚರಣೆಯ ಬಗ್ಗೆ ಕೇಳಿದಾಗ ಶೇ 39 ಇಸ್ರೇಲಿಗಳು ‘ಸರಿಯಾಗಿಯೇ ಇದೆ’ ಅಂದರು. ಶೇ 34 ಜನ ‘ಇನ್ನೂ ಸಾಲದು’ ಅಂದರು. ‘ಅತಿಯಾಯಿತು’ ಅಂದವರು ಶೇ 19. ಯಹೂದಿಯರಲ್ಲಿ ಮಾತ್ರ ಲೆಕ್ಕ ಹಾಕಿದರೆ ‘ಅತಿಯಾಯಿತು’ ಅಂದವರು ಶೇ 4 ಮಾತ್ರ. ಅಲ್ಲಿನ ಮುಖ್ಯ ಟಿವಿ ವಾಹಿನಿಗಳಲ್ಲಿ ಗಾಜಾದ ಸಾವುನೋವು ಕಾಣುವುದೇ ಅಪರೂಪ. ಇದನ್ನು ಇಸ್ರೇಲಿನ ಪತ್ರಕರ್ತರೇ ಟೀಕಿಸಿದ್ದಾರೆ. ಪ್ರಪಂಚವೆಲ್ಲ ಒಂದು ಯುದ್ಧ ನೋಡುತ್ತಿದ್ದರೆ ಅಲ್ಲಿನ ಮನೆಗಳ ಟಿವಿಯಲ್ಲಿ ಇನ್ನೊಂದು ಯುದ್ಧ ಬರುತ್ತಿತ್ತು.

ಇಸ್ರೇಲಿನಲ್ಲಿ ಅರಬ್ಬರೂ ಇದ್ದಾರಂತೆ. ಅವರು ಏನಂತಾರೆ?

ಇದ್ದಾರೆ. ಒಂದು ಕೋಟಿ ಜನಸಂಖ್ಯೆಯಲ್ಲಿ ನೂರಕ್ಕೆ 21ರಷ್ಟು. ಮತ ಹಾಕುತ್ತಾರೆ, ಸಂಸತ್ತಿನಲ್ಲಿದ್ದಾರೆ. ಆಸ್ಪತ್ರೆ, ಔಷಧ ಅಂಗಡಿಗಳಲ್ಲಿ ಅವರು ಬಹಳ ಕಾಣುತ್ತಾರೆ. 2021ರಲ್ಲಿ ಮನ್ಸೂರ್ ಅಬ್ಬಾಸ್ ಅವರ ರಾಮ್ ಪಕ್ಷ ಮೊದಲ ಸಲ ಸಮ್ಮಿಶ್ರ ಸರ್ಕಾರಕ್ಕೆ ಸೇರಿತು. 2018ರ ಕಾನೂನೊಂದು ಇಸ್ರೇಲಿನಲ್ಲಿ ರಾಷ್ಟ್ರವಾಗಿ ಬಾಳುವ ಹಕ್ಕು ಯಹೂದಿಯರಿಗೆ ಮಾತ್ರ ಅಂದಿತು. ಅದರ ನೋವು ಅವರಿಗೆ ಹಾಗೇ ಇದೆ. ಮೇಲೆ ಹೇಳಿದ ಪ್ಯೂ ಸಮೀಕ್ಷೆಯಲ್ಲಿ ಇವರಲ್ಲಿ ಶೇ 74 ಜನ ಗಾಜಾ ಕಾರ್ಯಾಚರಣೆ ಅತಿಯಾಯಿತು ಅಂದರು. ಅಕ್ಟೋಬರ್ 7ರಂದು ಸತ್ತವರಲ್ಲಿ, ಒತ್ತೆಯಾಳುಗಳಲ್ಲಿ ಬೆದುವಿನ್ (ಮರುಭೂಮಿಯ ಅಲೆಮಾರಿ ಮೂಲದ) ಅರಬ್ಬರೂ ಇದ್ದರು. ಎರಡೂ ಕಡೆಯ ಅನುಮಾನ ಬೀಳುವುದು ಇವರ ಮೇಲೇ.

## ಸಮೀಕ್ಷೆಗಳ ಬಗ್ಗೆ

ಅಕ್ಟೋಬರ್ 7ರ ದಾಳಿಯನ್ನು ಪ್ಯಾಲೆಸ್ಟೀನಿಯರು ಬೆಂಬಲಿಸಿದ್ರು ಅಂತ ಸಮೀಕ್ಷೆ ಹೇಳಿತ್ತಲ್ಲ?

ಹೇಳಿತ್ತು. ಅದನ್ನು ಮುಚ್ಚಿಡುವುದು ಬೇಡ. ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಜನರನ್ನು ಹಿಡಿದೊಯ್ದರು. ಎರಡು ತಿಂಗಳ ನಂತರ, 2023ರ ಡಿಸೆಂಬರ್‌ನಲ್ಲಿ, ವೆಸ್ಟ್ ಬ್ಯಾಂಕಿನ ರಮಲ್ಲಾ ಊರಿನ ಪ್ಯಾಲೆಸ್ಟೀನಿ ಸಮೀಕ್ಷಾ ಕೇಂದ್ರ ‘ದಾಳಿ ಮಾಡುವ ಹಮಾಸ್‌ನ ತೀರ್ಮಾನ ಸರಿಯೇ?’ ಅಂತ ಕೇಳಿತು. ಈ ಕೇಂದ್ರದ ಮುಖ್ಯಸ್ಥರು ಖಲೀಲ್ ಶಿಕಾಕಿ. ಶೇ 72 ಜನ ಸರಿ ಅಂದರು.

ಈ ಒಂದು ಅಂಕಿಯನ್ನು ಮಾತ್ರ ಹಿಡಿದು ವಾದ ಮಾಡುವವರು ಅದೇ ವರದಿಯ ಉಳಿದ ಪುಟಗಳನ್ನೂ ಓದಬೇಕು. ವೆಸ್ಟ್ ಬ್ಯಾಂಕಿನಲ್ಲಿ ಸರಿ ಅಂದವರು ಶೇ 82, ಬಾಂಬ್ ಬೀಳುತ್ತಿದ್ದ ಗಾಜಾದಲ್ಲಿ ಶೇ 57. ಅಂದರೆ ಬೆಲೆ ತೆತ್ತವರಿಗಿಂತ ದೂರದಲ್ಲಿದ್ದವರ ಬೆಂಬಲವೇ ಜಾಸ್ತಿ. ಹಮಾಸ್‌ನವರು ಹೆಂಗಸರು, ಮಕ್ಕಳ ಮೇಲೆ ಮಾಡಿದ ಕ್ರೌರ್ಯದ ವಿಡಿಯೊಗಳನ್ನು ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಜನ ನೋಡಿರಲೇ ಇಲ್ಲ. ಅಂಥದ್ದು ನಡೆದೇ ಇಲ್ಲ ಅಂತ ಬಹಳ ಜನ ನಂಬಿದ್ದರು. ವಿಡಿಯೊ ನೋಡಿದವರಲ್ಲಿ ‘ಹೌದು, ಕ್ರೌರ್ಯ ನಡೆದಿದೆ’ ಅಂದವರ ಪಾಲು ಎಷ್ಟೋ ಹೆಚ್ಚಿತ್ತು. ಕಾಲ ಕಳೆದ ಹಾಗೆ ಅಂಕಿಯೂ ಇಳಿಯಿತು. 2024ರ ಸೆಪ್ಟೆಂಬರ್ ಹೊತ್ತಿಗೆ ಒಟ್ಟು ಶೇ 54, ಗಾಜಾದಲ್ಲಿ ಶೇ 39. 2025ರ ಮೇನಲ್ಲಿ ಒಟ್ಟು ಶೇ 50, ಗಾಜಾದಲ್ಲಿ ಶೇ 37.

ಇಷ್ಟಾದ ಮೇಲೂ ಅರ್ಧದಷ್ಟು ಜನ ‘ಸರಿ’ ಅನ್ನುವುದು ನನಗೆ ನೋವಿನ ಸಂಗತಿಯೇ. ‘ಅದರಿಂದಲೇ ಪ್ರಪಂಚ ನಮ್ಮ ಕಡೆ ನೋಡಿತು’ ಅನ್ನುವುದು ಅವರಲ್ಲಿ ಬಹಳ ಜನರ ಉತ್ತರ. ಅದು ಅರ್ಥವಾಗುತ್ತದೆ. ಒಪ್ಪಲು ನನ್ನಿಂದಾಗದು.

ಬಾಂಬ್ ಬೀಳುವ ಜಾಗದಲ್ಲಿ ಸಮೀಕ್ಷೆ ಹೇಗೆ ಮಾಡ್ತಾರೆ? ನಂಬಬಹುದಾ?

ರಮಲ್ಲಾದ ಕೇಂದ್ರ ಫೋನ್ ಮಾಡಿ ಕೇಳುವುದಿಲ್ಲ. ಟ್ಯಾಬ್ ಹಿಡಿದ ಹುಡುಗ ಹುಡುಗಿಯರು ಮನೆ ಮನೆಗೆ ಹೋಗಿ ಎದುರಲ್ಲಿ ಕೂತು ಕೇಳುತ್ತಾರೆ. ಮಾಮೂಲಿ ದಿನಗಳಲ್ಲಿ ಸುಮಾರು 1,200 ಜನ ದೊಡ್ಡವರನ್ನು ಮಾತಾಡಿಸುತ್ತಾರೆ. ಯುದ್ಧದಲ್ಲಿ ಮನೆಗಳೇ ಇಲ್ಲವಾದಾಗ ಶಾಲೆಗಳಲ್ಲಿ, ಡೇರೆಗಳಲ್ಲಿ ನೆಲೆ ನಿಂತವರನ್ನು ಕೇಳಿದರು. ಹೋರಾಟ ಜೋರಾಗಿ ನಡೆಯುತ್ತಿದ್ದ ಉತ್ತರ ಭಾಗವನ್ನು ಎಷ್ಟೋ ಸಲ ಕೈಬಿಡಬೇಕಾಯಿತು.

2024ರ ಆಗಸ್ಟ್‌ನಲ್ಲಿ ಇಸ್ರೇಲ್ ಸೇನೆ, ಹಮಾಸ್ ಈ ಅಂಕಿಗಳನ್ನು ತಿದ್ದಿದೆ ಅನ್ನುವ ದಾಖಲೆ ಸಿಕ್ಕಿದೆ ಅಂತ ಹೇಳಿತು. ಕೇಂದ್ರದವರು ತಮ್ಮ ದತ್ತಾಂಶವನ್ನು ಮತ್ತೆ ಪರಿಶೀಲಿಸಿ, ತಿದ್ದಿದ ಕುರುಹು ಇಲ್ಲ ಅಂದರು. ನನ್ನ ಮಟ್ಟಿಗೆ, ಈ ಕೇಂದ್ರ 1990ರ ದಶಕದಿಂದ ಫತಾಗೂ ಹಮಾಸ್‌ಗೂ ಇಷ್ಟವಾಗದ ಅಂಕಿಗಳನ್ನು ಪ್ರಕಟಿಸುತ್ತಲೇ ಬಂದಿದೆ. ಹಾಗಾಗಿ ನಂಬಿಕೆ ಇದೆ. ಆದರೆ ಹೆದರಿಕೆ ಇರುವ ಕಡೆ ಜನ ಅಪರಿಚಿತರ ಮುಂದೆ ಮನಸ್ಸು ಬಿಚ್ಚುವುದು ಕಮ್ಮಿ. ಒಂದೊಂದು ಅಂಕಿಗಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದನ್ನು ನೋಡುವುದು ಒಳ್ಳೆಯದು.

ಎರಡು ದೇಶ ಮಾಡಿಬಿಟ್ಟರೆ ಮುಗಿಯಿತಲ್ವಾ? ಯಾಕೆ ಯಾರೂ ಒಪ್ಪಲ್ಲ?

ಒಂದು ಕಾಲದಲ್ಲಿ ಒಪ್ಪಿದ್ದರು. 1993ರ ಸೆಪ್ಟೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ಇಸ್ರೇಲ್ ಪ್ರಧಾನಿ ರಾಬಿನ್, ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ಓಸ್ಲೊ ಶಾಂತಿ ಒಪ್ಪಂದಕ್ಕೆ ಕೈ ಕುಲುಕಿದಾಗ ಎರಡೂ ಕಡೆ ಬಹಳ ಜನರಿಗೆ ಆಸೆ ಚಿಗುರಿತ್ತು. 2016ರಲ್ಲೂ ಪ್ಯಾಲೆಸ್ಟೀನಿಯರಲ್ಲಿ ಶೇ 51, ಇಸ್ರೇಲಿ ಯಹೂದಿಯರಲ್ಲಿ ಶೇ 53 ಜನ ಎರಡು ದೇಶದ ಪರ ಇದ್ದರು. ಎರಡೂ ಕಡೆಯ ಸಂಸ್ಥೆಗಳು ಸೇರಿ ಮಾಡಿದ 2024ರ ಜಂಟಿ ಸಮೀಕ್ಷೆಯಲ್ಲಿ ಪ್ಯಾಲೆಸ್ಟೀನಿಯರಲ್ಲಿ ಶೇ 40ಕ್ಕೆ, ಯಹೂದಿಯರಲ್ಲಿ ಶೇ 21ಕ್ಕೆ ಇಳಿಯಿತು.

ಯಾಕೆ ಇಳಿಯಿತು ಅಂತ ಕೇಳಿದರೆ ಎರಡು ಕಡೆಯವರೂ ಎರಡು ಬೇರೆ ಕತೆ ಹೇಳುತ್ತಾರೆ. ಎರಡರಲ್ಲೂ ನಿಜವಿದೆ.

ಇಸ್ರೇಲಿಯೊಬ್ಬ ಹೇಳುವುದು ಹೀಗಿರುತ್ತದೆ. ಓಸ್ಲೊ ಒಪ್ಪಂದ ಮಾಡಿಕೊಂಡೆವು, ಬಸ್ಸುಗಳಲ್ಲಿ ಆತ್ಮಾಹುತಿ ಬಾಂಬ್ ಸಿಡಿದವು. 2000ದಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಮಾತುಕತೆಗೆ ಹೋದೆವು, ಎರಡನೇ ಇಂತಿಫಾದಾ (ಪ್ಯಾಲೆಸ್ಟೀನಿಯರ ದಂಗೆ) ಬಂತು, ನಮ್ಮವರು ಸುಮಾರು ಸಾವಿರ ಜನ ಸತ್ತರು. 2005ರಲ್ಲಿ ಗಾಜಾದಿಂದ ನಮ್ಮವರನ್ನೇ ಎಬ್ಬಿಸಿ ಹೊರಬಂದೆವು, ರಾಕೆಟ್ ಬಂದವು, ಕೊನೆಗೆ ಅಕ್ಟೋಬರ್ 7 ಬಂತು. ಬಿಟ್ಟುಕೊಟ್ಟಾಗಲೆಲ್ಲ ಸಾವೇ ಸಿಕ್ಕಿದೆ.

ಪ್ಯಾಲೆಸ್ಟೀನಿಯೊಬ್ಬನ ಮಾತು ಇದು. ಓಸ್ಲೊ ಆದಾಗ ವೆಸ್ಟ್ ಬ್ಯಾಂಕಿನಲ್ಲಿ ಇಸ್ರೇಲಿನ ಕಡೆಯಿಂದ ಬಂದು ಮನೆ ಕಟ್ಟಿಕೊಂಡ ಸುಮಾರು ಒಂದು ಲಕ್ಷ ಯಹೂದಿ ವಸಾಹತುಗಾರರಿದ್ದರು. ಈಗ ಐದು ಲಕ್ಷ. ಪೂರ್ವ ಜೆರುಸಲೆಮ್ ಲೆಕ್ಕ ಬೇರೆ. ನಮ್ಮ ದೇಶ ಆಗಬೇಕಾದ ಗುಡ್ಡಗಳ ಮೇಲೆ ಅವರ ಮನೆಗಳು ಏಳುತ್ತಿವೆ. ಪಕ್ಕದೂರಿಗೆ ಹೋಗಲು ಚೆಕ್‌ಪೋಸ್ಟಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತೇವೆ. 1994ರಲ್ಲಿ ಹೆಬ್ರಾನ್ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಕೊಂದವನು ವಸಾಹತುಗಾರ. 1995ರಲ್ಲಿ ರಾಬಿನ್‌ರನ್ನು ಕೊಂದವನೂ ಯಹೂದಿಯೇ. ಮಾತುಕತೆ ನಡೆದಾಗಲೆಲ್ಲ ನೆಲವೇ ಹೋಗಿದೆ.

ನನಗೆ ಈ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದೇ. ಬೆಂಬಲ ಕುಸಿದದ್ದಕ್ಕೆ ದ್ವೇಷ ಒಂದೇ ಕಾರಣವಲ್ಲ. ಎದುರಿನವರು ಮಾತಿಗೆ ತಪ್ಪುತ್ತಾರೆ ಅನ್ನುವ ಗಟ್ಟಿ ನಂಬಿಕೆ ಅದಕ್ಕಿಂತ ದೊಡ್ಡ ಕಾರಣ. ಎದುರಿನವರನ್ನು ನಂಬುವುದೇ ಇಲ್ಲ ಅನ್ನುವವರು ಎರಡೂ ಕಡೆ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ. ‘ನಮ್ಮಷ್ಟು ಕಷ್ಟಪಟ್ಟವರು ಪ್ರಪಂಚದಲ್ಲಿ ಬೇರೆ ಯಾರೂ ಇಲ್ಲ’ ಅನ್ನುವವರೂ ಎರಡೂ ಕಡೆ ಅಷ್ಟೇ ಇದ್ದಾರೆ. ಇನ್ನೊಂದನ್ನೂ ಇದೇ ಜಂಟಿ ಸಮೀಕ್ಷೆಗಳು ವರ್ಷಗಳಿಂದ ತೋರಿಸುತ್ತಿವೆ. ಸುಮ್ನೆ ‘ಎರಡು ದೇಶ ಬೇಕಾ?’ ಅಂದರೆ ಬೇಡ ಅನ್ನುವವರಿಗೆ, ‘ಅವರು ಇಂಥದ್ದನ್ನು ಬಿಟ್ಟುಕೊಟ್ಟರೆ?’ ‘ಇಂಥ ಖಾತರಿ ಕೊಟ್ಟರೆ?’ ಅಂತ ಮುಂದಕ್ಕೆ ಕೇಳುತ್ತಾ ಹೋಗುತ್ತಾರೆ. ಆಗ ಬೇಡ ಅಂದವರಲ್ಲಿ ಒಂದು ಪಾಲು ಮನಸ್ಸು ಬದಲಿಸುತ್ತದೆ.

ಎರಡೂ ಕಡೆ ಶಾಂತಿ ಬೇಕು ಅನ್ನೋರು ಇಲ್ಲವೇ ಇಲ್ವಾ?

ಇದ್ದಾರೆ. ಒಬ್ಬರ ಬಗ್ಗೆ ಹೇಳುತ್ತೇನೆ. ವಿವಿಯನ್ ಸಿಲ್ವರ್ ಕೆನಡಾದಲ್ಲಿ ಹುಟ್ಟಿ ಇಸ್ರೇಲಿಗೆ ಬಂದ ಹೆಣ್ಣುಮಗಳು. ಗಾಜಾ ಗಡಿಗೆ ಅಂಟಿಕೊಂಡಿರುವ ಬೆಏರಿ ಅನ್ನುವ, ಎಲ್ಲರೂ ಕೂಡಿ ದುಡಿದು ಬಾಳುವ ಊರಾದ ಕಿಬ್ಬುತ್ಸ್‌ನಲ್ಲಿ ಮನೆ. ವಯಸ್ಸು 74 ಆದರೂ ಕಾರು ತೆಗೆದುಕೊಂಡು ಗಡಿಗೆ ಹೋಗುತ್ತಿದ್ದರು. ಕ್ಯಾನ್ಸರ್ ಚಿಕಿತ್ಸೆಗೆ ಗಾಜಾದಿಂದ ಬಂದವರನ್ನು ಕೂರಿಸಿಕೊಂಡು ಜೆರುಸಲೆಮ್ ಆಸ್ಪತ್ರೆಗೆ ಬಿಡುತ್ತಿದ್ದರು. 2014ರ ಯುದ್ಧದ ನಂತರ ‘ವಿಮೆನ್ ವೇಜ್ ಪೀಸ್’ ಅನ್ನುವ ಮಹಿಳೆಯರ ಸಂಘಟನೆ ಕಟ್ಟಿದವರಲ್ಲಿ ಅವರೂ ಒಬ್ಬರು. 2023ರ ಅಕ್ಟೋಬರ್ 4ರಂದು ಪ್ಯಾಲೆಸ್ಟೀನಿ ಹೆಂಗಸರ ಜೊತೆ ಸೇರಿ ಈ ಸಂಘಟನೆ ಶಾಂತಿ ಮೆರವಣಿಗೆ ಮಾಡಿತು. ಮೂರು ದಿನದ ಮೇಲೆ ಹಮಾಸ್‌ನವರು ವಿವಿಯನ್ ಅವರನ್ನು ಮನೆಯಲ್ಲೇ ಕೊಂದರು. ಐದು ವಾರದವರೆಗೆ ಒತ್ತೆಯಾಳಾಗಿರಬಹುದು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಅವರ ಮಗ ಯೊನಾತನ್ ಝೈಗೆನ್ ಸೇಡಿನ ಮಾತಾಡಲಿಲ್ಲ. ಇದ್ದ ಕೆಲಸ ಬಿಟ್ಟು ಶಾಂತಿಯ ಕೆಲಸಕ್ಕೆ ಇಳಿದರು.

‘ಪೇರೆಂಟ್ಸ್ ಸರ್ಕಲ್’ ಅಂತ ಇನ್ನೊಂದು ಗುಂಪಿದೆ. ಮಕ್ಕಳನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡ ಇಸ್ರೇಲಿ, ಪ್ಯಾಲೆಸ್ಟೀನಿ ಕುಟುಂಬಗಳು ಅದರಲ್ಲಿ ಒಟ್ಟಿಗೆ ಕೂರುತ್ತವೆ. ಇವರು ಚುನಾವಣೆ ಗೆಲ್ಲುವಷ್ಟು ಜನ ಇಲ್ಲ. ಸ್ವಂತ ಊರಿನಲ್ಲೇ ‘ದ್ರೋಹಿ’ ಅನ್ನಿಸಿಕೊಳ್ಳುತ್ತಾರೆ. ಆದರೂ ಬಿಟ್ಟಿಲ್ಲ.

## ಹೊರಗಿನವರು, ನಾವೂ

ಅಮೆರಿಕ ಯಾವಾಗಲೂ ಇಸ್ರೇಲ್ ಪರ ಅಲ್ವಾ?

ಸರ್ಕಾರ ಪರ. ಜನ ಬದಲಾಗುತ್ತಿದ್ದಾರೆ. ಗ್ಯಾಲಪ್ ಸಂಸ್ಥೆ ‘ನಿಮ್ಮ ಸಹಾನುಭೂತಿ ಯಾರ ಕಡೆ?’ ಅಂತ ಪ್ರತಿ ವರ್ಷ ಕೇಳುತ್ತದೆ. 2025ರ ಫೆಬ್ರುವರಿಯಲ್ಲಿ ಶೇ 46 ಜನ ಇಸ್ರೇಲ್ ಅಂದರು, ಶೇ 33 ಪ್ಯಾಲೆಸ್ಟೀನ್ ಅಂದರು. ಇಸ್ರೇಲಿಗೆ ಅದು 25 ವರ್ಷಗಳಲ್ಲೇ ಕಡಿಮೆ. ಡೆಮಾಕ್ರಟಿಕ್ ಪಕ್ಷದವರಲ್ಲಿ ಶೇ 59 ಪ್ಯಾಲೆಸ್ಟೀನ್ ಕಡೆ, ಶೇ 21 ಇಸ್ರೇಲ್ ಕಡೆ. ರಿಪಬ್ಲಿಕನ್ನರಲ್ಲಿ ಶೇ 75 ಇಸ್ರೇಲ್ ಕಡೆ. ವಯಸ್ಸಿನ ಅಂತರವೂ ದೊಡ್ಡದು. ವಯಸ್ಸಾದವರು ಯಹೂದಿ ನರಮೇಧದ ನೆನಪು, 1967ರ ಯುದ್ಧದ ಕಾಲದಲ್ಲಿ ಬೆಳೆದವರು. ಈಗಿನ ಹುಡುಗರು ಗಾಜಾವನ್ನು ಫೋನಿನಲ್ಲಿ ದಿನವೂ ನೋಡಿದವರು.

ಅಮೆರಿಕದ ಯಹೂದಿಯರು ಒಂದೇ ಕಟ್ಟಿನವರು ಅಂತ ತಿಳಿಯುವುದೂ ತಪ್ಪು. ಇಸ್ರೇಲ್ ಸರ್ಕಾರದ ಪರ ಕೆಲಸ ಮಾಡುವ ಐಪ್ಯಾಕ್ ಇದೆ. ಎರಡು ದೇಶ ಬೇಕು ಅನ್ನುವ ಜೆ ಸ್ಟ್ರೀಟ್ ಇದೆ. ಕದನ ವಿರಾಮಕ್ಕಾಗಿ ರೈಲು ನಿಲ್ದಾಣದಲ್ಲಿ ಕೂತು ಬಂಧನಕ್ಕೊಳಗಾದ ಜ್ಯೂಯಿಷ್ ವಾಯ್ಸ್ ಫಾರ್ ಪೀಸ್ ಕೂಡ ಇದೆ.

ಅರಬ್ ದೇಶಗಳು ಯಾಕೆ ಸುಮ್ಮನಿವೆ?

ಅರಮನೆ ಬೇರೆ, ಬೀದಿ ಬೇರೆ. ಈಜಿಪ್ಟ್ 1979ರಲ್ಲಿ, ಜೋರ್ಡಾನ್ 1994ರಲ್ಲಿ, ಯುಎಇ, ಬಹ್ರೇನ್, ಮೊರಾಕ್ಕೊ 2020ರಲ್ಲಿ ಇಸ್ರೇಲ್ ಜೊತೆ ಸಂಬಂಧ ಬೆಳೆಸಿದವು. ವ್ಯಾಪಾರ, ಇರಾನ್ ಭಯ, ಅಮೆರಿಕದ ಸ್ನೇಹ ಎಲ್ಲ ಅದರಲ್ಲಿದೆ. ಜನರನ್ನು ಕೇಳಿದರೆ ಉತ್ತರ ಬೇರೆ. ಮೊರಾಕ್ಕೊದಲ್ಲಿ ಈ ಸಂಬಂಧಕ್ಕೆ 2022ರಲ್ಲಿ ಶೇ 31ರಷ್ಟು ಬೆಂಬಲ ಇತ್ತು. ಗಾಜಾ ಯುದ್ಧದ ನಂತರ ಶೇ 13ಕ್ಕೆ ಬಿತ್ತು. ಆದರೂ ಒಪ್ಪಂದ ಮುರಿಯಲಿಲ್ಲ.

ಭಾರತ ಈಗ ಯಾರ ಪರ?

ಮೊದಲಿನ ಹಾಗೆ ನೇರವಾಗಿ ಹೇಳಲಾಗದು. ಗಾಂಧೀಜಿ 1938ರ ನವೆಂಬರ್‌ನಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಬರೆದಾಗ, ಯಹೂದಿಯರ ಕಷ್ಟಕ್ಕೆ ಮರುಗಿದರು. ಆದರೆ ಇಂಗ್ಲೆಂಡ್ ಇಂಗ್ಲಿಷರಿಗೆ ಸೇರಿದ ಹಾಗೆ ಪ್ಯಾಲೆಸ್ಟೀನ್ ಅರಬ್ಬರಿಗೆ ಸೇರಿದ್ದು ಅಂದರು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಪ್ಯಾಲೆಸ್ಟೀನನ್ನು ಭಾಗ ಮಾಡುವಾಗ 33 ದೇಶ ಪರ, 13 ವಿರುದ್ಧ ಮತ ಹಾಕಿದವು. ವಿರುದ್ಧ ಹಾಕಿದವರಲ್ಲಿ ಭಾರತ ಇತ್ತು. ವಿಭಜನೆಯ ಗಾಯ ಆಗ ನಮಗೆ ಹಸಿಯಾಗಿತ್ತು. 1950ರಲ್ಲಿ ಇಸ್ರೇಲಿಗೆ ಮಾನ್ಯತೆ ಕೊಟ್ಟೆವು, ಆದರೆ ಪೂರ್ತಿ ರಾಜತಾಂತ್ರಿಕ ಸಂಬಂಧ ಬಂದದ್ದು 1992ರಲ್ಲಿ. ನಡುವೆ 1974ರಲ್ಲಿ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯಾದ ಪಿಎಲ್‌ಒಗೆ, 1988ರಲ್ಲಿ ಪ್ಯಾಲೆಸ್ಟೀನ್ ದೇಶಕ್ಕೆ ಮಾನ್ಯತೆ ಕೊಟ್ಟಾಗಿತ್ತು.

ಕಾರ್ಗಿಲ್ ಯುದ್ಧದಲ್ಲಿ ಇಸ್ರೇಲ್ ನೆರವು, 2008ರ ಮುಂಬೈ ದಾಳಿಯಲ್ಲಿ ನಾರಿಮನ್ ಹೌಸ್‌ನ ಯಹೂದಿಯರ ಕೊಲೆ, ರಕ್ಷಣಾ ವ್ಯಾಪಾರ ಇವೆಲ್ಲ ಹತ್ತಿರ ತಂದವು. ಮೋದಿ 2017ರಲ್ಲಿ ಇಸ್ರೇಲಿಗೆ ಹೋದರು. ಅಲ್ಲಿಗೆ ಹೋದ ಮೊದಲ ಭಾರತೀಯ ಪ್ರಧಾನಿ ಅವರು. 2018ರಲ್ಲಿ ರಮಲ್ಲಾಗೂ ಹೋದರು. ವಿಶ್ವಸಂಸ್ಥೆಯಲ್ಲಿ ನಮ್ಮ ಮತದಾನವೂ ಹೀಗೇ ತೂಗಾಡುತ್ತಿದೆ. 2023ರ ಅಕ್ಟೋಬರ್‌ನ ಕದನ ವಿರಾಮ ನಿರ್ಣಯಕ್ಕೆ ಮತ ಹಾಕದೆ ದೂರ ಉಳಿದೆವು. ಡಿಸೆಂಬರ್‌ನದ್ದಕ್ಕೆ ಪರ. 2025ರ ಜೂನ್‌ನಲ್ಲಿ ಮತ್ತೆ ದೂರ. ಸೆಪ್ಟೆಂಬರ್ 12ರಂದು ಎರಡು ದೇಶದ ನ್ಯೂಯಾರ್ಕ್ ಘೋಷಣೆಗೆ ಪರ ಮತ ಹಾಕಿದ 142 ದೇಶಗಳಲ್ಲಿ ಭಾರತವೂ ಒಂದು.

ಜನರ ಅಭಿಪ್ರಾಯ? ಪ್ಯೂ 2025ರಲ್ಲಿ 24 ದೇಶಗಳಲ್ಲಿ ಕೇಳಿದಾಗ 20 ದೇಶಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಜಾಸ್ತಿ ಜನರಿಗೆ ಇಸ್ರೇಲ್ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಭಾರತ ಆ ಗುಂಪಿನಲ್ಲಿಲ್ಲ. ಇಲ್ಲಿ ಪರ, ವಿರೋಧ ಹತ್ತಿರ ಹತ್ತಿರ ಇತ್ತು. ಯಾವ ಕಡೆಗೂ ಹೇಳದವರು ಬಹಳ. ನಮ್ಮಲ್ಲಿ ಈ ಚರ್ಚೆ ಬಹಳ ಸಲ ಗಾಜಾದ ಬಗ್ಗೆ ಇರುವುದೇ ಇಲ್ಲ. ಇಲ್ಲಿನ ಹಿಂದೂ–ಮುಸ್ಲಿಂ ಜಗಳವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿರುತ್ತೇವೆ. ಇದು ನನಗೆ ಬಹಳ ಬೇಸರ ತರುತ್ತದೆ. ಅಲ್ಲಿ ಮಗು ಕಳೆದುಕೊಂಡವರ ದುಃಖಕ್ಕೆ ನಮ್ಮ ಚುನಾವಣೆಯ ಲೆಕ್ಕ ಯಾಕೆ?

ಕರ್ನಾಟಕಕ್ಕೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ತುರ್ಕರ ಕೈಯಿಂದ ಬಿಡಿಸಿದ ಕುದುರೆ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆ ಇತ್ತು. ಜೋಧಪುರದವರು ಊರಿನತ್ತ ನುಗ್ಗುವಾಗ, ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳನ್ನು ವಶ ಮಾಡಿಕೊಂಡಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಅವರು ಇಸ್ರೇಲ್ ಕಟ್ಟಲು ಹೋರಾಡಿದರು ಅಂತ ಈಗ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಇಸ್ರೇಲ್ ಹುಟ್ಟಿದ್ದು ಅದಾಗಿ 30 ವರ್ಷಕ್ಕೆ.

ನಮ್ಮ ರೈತರಿಗೆ ಇಸ್ರೇಲ್ ಅಂದರೆ ಹನಿ ನೀರಾವರಿ. ‘ಇಸ್ರೇಲ್ ಮಾದರಿ ಕೃಷಿ’ 2018ರ ರಾಜ್ಯ ಬಜೆಟ್‌ನಲ್ಲೂ ಬಂದಿತ್ತು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ಇಸ್ರೇಲ್ ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಟೆಲ್ ಅವೀವ್ ಕಡೆ ಸೈರನ್ ಕೂಗಿದರೆ ಸಿಗುವುದು ಒಂದೂವರೆ ನಿಮಿಷ. ಅಷ್ಟರಲ್ಲಿ ನಡೆಯಲಾಗದ ಅಜ್ಜಿಯನ್ನು ಗಾಲಿಕುರ್ಚಿಗೆ ಕೂರಿಸಿ ಸುರಕ್ಷಿತ ಕೋಣೆಗೆ ಸೇರಿಸಬೇಕು. ಅದೇ ಕರಾವಳಿಯ ಇನ್ನೆಷ್ಟೋ ಮನೆಯವರು ದುಬೈ, ಕುವೈತ್, ಕತಾರ್‌ನಲ್ಲಿದ್ದಾರೆ. ಅವರ ಪಕ್ಕದ ಮೇಜಿನಲ್ಲಿ ಕೆಲಸ ಮಾಡುವವನು ಪ್ಯಾಲೆಸ್ಟೀನಿ ಆಗಿರಬಹುದು. ಹಾಗಾಗಿ ಒಂದೇ ಬೀದಿಯ ಎರಡು ಮನೆಗಳಲ್ಲಿ ಎರಡು ಅಭಿಪ್ರಾಯ ಇರುವುದು ಸಹಜ. ಯಾರ ಊಟದ ಡಬ್ಬಿ ಹಂಚಿಕೊಂಡಿದ್ದೇವೋ ಅವರ ನೋವು ಬೇಗ ತಟ್ಟುತ್ತದೆ.

## ಕಷ್ಟದ ಪ್ರಶ್ನೆಗಳು

ಗಾಜಾದಲ್ಲಿ ಆಗಿದ್ದು ನರಮೇಧನಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಯಾರು ಏನು ಹೇಳಿದ್ದಾರೆ ಅಂತ ಮೊದಲು ನೋಡೋಣ. ದಕ್ಷಿಣ ಆಫ್ರಿಕಾ 2023ರ ಡಿಸೆಂಬರ್‌ನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ದೂರು ಕೊಟ್ಟಿತು. 2024ರ ಜನವರಿ 26ರಂದು ನ್ಯಾಯಾಲಯ, ನರಮೇಧಕ್ಕೆ ಎಡೆ ಆಗದಂತೆ ಎಚ್ಚರ ವಹಿಸಿ, ನೆರವು ಒಳಗೆ ಬಿಡಿ ಅಂತ ಇಸ್ರೇಲಿಗೆ ಮಧ್ಯಂತರ ಆದೇಶ ಕೊಟ್ಟಿತು. ಅಂತಿಮ ತೀರ್ಪು ಬಂದಿಲ್ಲ. 2025ರ ಜುಲೈನಲ್ಲಿ ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆ ಬೆತ್ಸೆಲೆಮ್, ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ‘ಇದು ನರಮೇಧ’ ಅಂದವು. ಇಸ್ರೇಲ್ ಸರ್ಕಾರ ಒಪ್ಪುವುದಿಲ್ಲ. ಹಮಾಸ್ ಜನರ ನಡುವೆ ಅಡಗಿದೆ, ನಮ್ಮ ಯುದ್ಧ ಅದರ ಜೊತೆ ಮಾತ್ರ ಅನ್ನುತ್ತದೆ. ಅಮೆರಿಕವೂ ಈ ಆರೋಪ ಒಪ್ಪಿಲ್ಲ. ಕಾನೂನಿನ ಜಗಳ ಇರುವುದು ಉದ್ದೇಶದ ಮೇಲೆ. ಒಂದು ಜನಾಂಗವನ್ನು ಇಲ್ಲವಾಗಿಸುವ ಉದ್ದೇಶ ಇತ್ತು ಅಂತ ಸಾಬೀತಾಗಬೇಕು.

ಗಾಜಾ ಆರೋಗ್ಯ ಸಚಿವಾಲಯದ ಪ್ರಕಾರ 2025ರ ಜುಲೈ ಕೊನೆಗೆ ಸತ್ತವರು 60,000 ದಾಟಿದ್ದರು. 2025ರ ಮಾರ್ಚ್ 2ರಿಂದ ಹೆಚ್ಚುಕಮ್ಮಿ 11 ವಾರ ಇಸ್ರೇಲ್ ಹಿಟ್ಟು, ಔಷಧ ಯಾವುದನ್ನೂ ಒಳಗೆ ಬಿಡಲಿಲ್ಲ. ಆಗಸ್ಟ್ 22ರಂದು ಗಾಜಾ ನಗರದಲ್ಲಿ ಕ್ಷಾಮ ಇದೆ ಅಂತ ವಿಶ್ವಸಂಸ್ಥೆ ಬೆಂಬಲದ ತಜ್ಞರ ಸಂಸ್ಥೆ ಸಾರಿತು. ಹೆಸರು ಏನೇ ಇಡಲಿ, ಮಕ್ಕಳ ಬಾಯಿಂದ ಅನ್ನ ಕಿತ್ತುಕೊಳ್ಳುವುದನ್ನು ಯಾವ ಕಾರಣವೂ ಸರಿ ಮಾಡದು.

ಇಸ್ರೇಲನ್ನು ಬೈದರೆ ಯಹೂದಿ ದ್ವೇಷಿ ಅಂತಾರೆ, ಪ್ಯಾಲೆಸ್ಟೀನ್ ಪರ ಮಾತಾಡಿದ್ರೆ ಉಗ್ರರ ಪರ ಅಂತಾರೆ. ಮಾತಾಡೋದು ಹೇಗೆ?

ಸರ್ಕಾರವನ್ನು, ಸೇನೆಯನ್ನು, ವಸಾಹತುಗಳನ್ನು ಟೀಕಿಸಿ. ಇಸ್ರೇಲಿನ ಹಾರೆಟ್ಸ್ ಪತ್ರಿಕೆ ದಿನವೂ ಅದನ್ನೇ ಮಾಡುತ್ತದೆ. ‘ಯಹೂದಿಯರೇ ಹೀಗೆ’ ಅಂದ ಕೂಡಲೇ ಅದು ಟೀಕೆಯಾಗಿ ಉಳಿಯುವುದಿಲ್ಲ. ‘ಮುಸ್ಲಿಮರೇ ಹೀಗೆ’ ಅನ್ನುವುದಕ್ಕೂ ಇದೇ ಮಾತು. ಇದರ ಪರಿಣಾಮ ಕಣ್ಣ ಮುಂದಿದೆ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಆರು ವರ್ಷದ ಪ್ಯಾಲೆಸ್ಟೀನಿ ಮೂಲದ ಹುಡುಗನನ್ನು ಮನೆ ಮಾಲೀಕನೇ ಇರಿದು ಕೊಂದ. 2025ರ ಅಕ್ಟೋಬರ್ 2ರಂದು, ಯಹೂದಿಯರ ಯೋಮ್ ಕಿಪ್ಪುರ್ ಹಬ್ಬದ ದಿನ, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಪ್ರಾರ್ಥನಾ ಮಂದಿರದ ಮೇಲೆ ದಾಳಿಯಾಗಿ ಇಬ್ಬರು ಸತ್ತರು. ಆ ಹುಡುಗನಿಗೂ ಹಮಾಸ್‌ಗೂ ಸಂಬಂಧವಿಲ್ಲ. ಪ್ರಾರ್ಥನೆಗೆ ಬಂದವರಿಗೂ ಇಸ್ರೇಲ್ ಸೇನೆಗೂ ಸಂಬಂಧವಿಲ್ಲ.

ಅದೆಲ್ಲ ಇರಲಿ, ನೀವು ಯಾರ ಪರ?

ಕೇಳಿದ್ದು ಒಳ್ಳೆಯದಾಯಿತು. ಮನೆಗೆ ನುಗ್ಗಿ ಮುದುಕರನ್ನು, ಮಕ್ಕಳನ್ನು ಕೊಂದದ್ದು ಅಪರಾಧ. ಊರಿಗೆ ಊರನ್ನೇ ಕೆಡವಿದ್ದೂ ಅಪರಾಧ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಆದರೆ ಎರಡೂ ಕಡೆಯ ಸ್ಥಿತಿ ಸಮ ಅನ್ನಲಾರೆ. ಒಂದು ಕಡೆ ಸ್ವಂತ ದೇಶ, ಸೇನೆ, ಪಾಸ್‌ಪೋರ್ಟ್ ಇದೆ. ಇನ್ನೊಂದು ಕಡೆಯವರು 1967ರಿಂದ ಬೇರೆಯವರ ಸೇನೆಯ ಕೆಳಗೆ ಬದುಕುತ್ತಿದ್ದಾರೆ. ಅದು ಕೊನೆಯಾಗಬೇಕು ಅನ್ನುವುದು ನನ್ನ ನಿಲುವು. ಇಸ್ರೇಲಿನ ಮಗು ಸೈರನ್‌ಗೆ ಹೆದರದೆ ಮಲಗಬೇಕು ಅನ್ನುವುದೂ ಅದೇ ನಿಲುವಿನ ಭಾಗ.

ಜನರ ಮನಸ್ಸು ಇಷ್ಟು ಗಟ್ಟಿಯಾದ ಮೇಲೆ ಬದಲಾಗುತ್ತಾ? ಹಿಂದೆ ಎಲ್ಲಾದರೂ ಆಗಿದೆಯಾ?

ಅದೇ ನೆಲದಲ್ಲಿ ಆಗಿದೆ. 1973ರಲ್ಲಿ ಈಜಿಪ್ಟ್ ಮತ್ತು ಸಿರಿಯಾ ಯೋಮ್ ಕಿಪ್ಪುರ್ ದಿನವೇ ಇಸ್ರೇಲ್ ಮೇಲೆ ದಾಳಿ ಮಾಡಿದವು. ಸುಮಾರು 2,600 ಇಸ್ರೇಲಿ ಸೈನಿಕರು ಸತ್ತರು. ಅದಕ್ಕೂ ಮೊದಲೇ ಇಸ್ರೇಲಿನ ರಕ್ಷಣಾ ಸಚಿವ ಮೋಶೆ ದಯಾನ್, 1967ರಲ್ಲಿ ಈಜಿಪ್ಟಿನಿಂದ ಕಿತ್ತುಕೊಂಡ ಸಿನಾಯ್ ಪ್ರದೇಶದ ಶರ್ಮ್ ಅಲ್ ಶೇಖ್ ಬಿಟ್ಟು ಸಿಗುವ ಶಾಂತಿಗಿಂತ ಶಾಂತಿ ಇಲ್ಲದ ಶರ್ಮ್ ಅಲ್ ಶೇಖ್ ಮೇಲು ಅಂದಿದ್ದರು. ಸಿನಾಯ್ ಬಿಟ್ಟುಕೊಡುವ ಮಾತು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. 1977ರ ನವೆಂಬರ್ 19ರಂದು ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್ ತಾನೇ ವಿಮಾನ ಹತ್ತಿ ಇಸ್ರೇಲಿಗೆ ಬಂದಿಳಿದರು. ಮಾರನೇ ದಿನ ಇಸ್ರೇಲಿನ ಸಂಸತ್ತಿನಲ್ಲಿ ನಿಂತು ಅರೇಬಿಕ್‌ನಲ್ಲಿ ಮಾತಾಡಿದರು. ಇಸ್ರೇಲಿಗಳು ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದರು. ಹತ್ತು ತಿಂಗಳ ಮೇಲೆ, 1978ರ ಸೆಪ್ಟೆಂಬರ್‌ನಲ್ಲಿ, ಅದೇ ಸಂಸತ್ತು 84–19 ಮತಗಳಿಂದ, ಸಿನಾಯ್ ಮರಳಿಸುವ ಕ್ಯಾಂಪ್ ಡೇವಿಡ್ ಒಪ್ಪಂದಕ್ಕೆ ಒಪ್ಪಿತು. ದಯಾನ್ ಆಗ ವಿದೇಶಾಂಗ ಸಚಿವರು. ಮಾತುಕತೆ ನಡೆಸಿದವರಲ್ಲಿ ಅವರೂ ಇದ್ದರು. 1982ರಲ್ಲಿ ಸಿನಾಯ್‌ನ ಯಮಿತ್ ವಸಾಹತನ್ನು ಇಸ್ರೇಲ್ ಸೈನಿಕರೇ ಕೆಡವಿದರು.

ಎರಡಕ್ಕೂ ವ್ಯತ್ಯಾಸ ಇದೆ, ನಿಜ. ಸಿನಾಯ್‌ನಲ್ಲಿದ್ದ ವಸಾಹತುಗಾರರು ಕೆಲವೇ ಸಾವಿರ, ವೆಸ್ಟ್ ಬ್ಯಾಂಕಿನಲ್ಲಿ ಲಕ್ಷಗಟ್ಟಲೆ. ಸಾದತ್‌ಗೆ ಮಾತು ಕೊಟ್ಟರೆ ನಡೆಸಿಕೊಡುವಷ್ಟು ಅಧಿಕಾರ ಇತ್ತು. ಇವತ್ತು ಪ್ಯಾಲೆಸ್ಟೀನ್ ಪರವಾಗಿ ಅಂಥ ಮಾತು ಕೊಡಬಲ್ಲವರು ಯಾರು ಅನ್ನುವುದಕ್ಕೆ ಪ್ಯಾಲೆಸ್ಟೀನಿಯರಲ್ಲೇ ಒಮ್ಮತ ಇಲ್ಲ. ಶಾಂತಿ ಮಾಡಿದ್ದಕ್ಕೆ ಸಾದತ್‌ರನ್ನು 1981ರಲ್ಲಿ, ರಾಬಿನ್‌ರನ್ನು 1995ರಲ್ಲಿ ಅವರವರ ಕಡೆಯವರೇ ಕೊಂದರು. ಈಜಿಪ್ಟ್ ಜೊತೆಗಿನ ಒಪ್ಪಂದ ಮಾತ್ರ ಇವತ್ತಿಗೂ ನಿಂತಿದೆ.